ಬಂದು ಹೋಗುವ ವಿದ್ಯುತ್ ದೋಷ: ಪಿಕಪ್ ವಾಹನದ ರೇಡಿಯೋ ನೀಡುವ ಮುನ್ಸೂಚನೆ



ಹಳ್ಳಿಯ ಹೊಲದಿಂದ ಪೇಟೆಯ ಮಂಡಿಗೆ, ಮಂಡಿಯಿಂದ ಬೀದಿಯ ಅಂಗಡಿಗೆ ಸರಕು ಸಾಗಿಸುವ ಕಾರ್ಯದಲ್ಲಿ ಪಿಕಪ್ ಎಂದು ಕರೆಯಲಾಗುವ ಚಿಕ್ಕ ಸರಕು ವಾಹನದ ಪಾತ್ರ ಹಿರಿದು. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ ಮೊದಲಾದ ನಗರಗಳಲ್ಲಿ ನೆಲೆಸಿರುವ ಅನೇಕ ಕನ್ನಡಿಗರಿಗೂ ಈ ವಾಹನವೇ ಜೀವನೋಪಾಯವಾಗಿದೆ. ಇಲ್ಲಿ ಬಹುಮಟ್ಟಿಗೆ ಚಾಲಕನೇ ಮಾಲೀಕ. ವಾಹನ ಒಂದು ದಿನ ನಿಂತರೆ ಅಂದಿನ ಬಾಡಿಗೆ ಕೈತಪ್ಪುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಎಂಜಿನ್ನು ಕೆಟ್ಟರೆ, ಟೈರು ಒಡೆದರೆ ಅದು ಕಣ್ಣಿಗೆ ಕಾಣುತ್ತದೆ. ರಿಪೇರಿಯ ದಾರಿಯೂ ತಿಳಿದಿರುತ್ತದೆ. ಆದರೆ ಒಂದು ಗಳಿಗೆ ಇದ್ದು ಮರುಗಳಿಗೆ ಇಲ್ಲವಾಗುವ ವಿದ್ಯುತ್ ದೋಷ ಹಾಗಲ್ಲ. ರೇಡಿಯೋ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ತಾನಾಗಿಯೇ ಹಾಡತೊಡಗುತ್ತದೆ. ದೀಪ ಮಿಣುಕುತ್ತದೆ, ಮತ್ತೆ ಸರಿಯಾಗುತ್ತದೆ. ಗ್ಯಾರೇಜಿನ ಬಾಗಿಲಿಗೆ ಬಂದಾಗ ಎಲ್ಲವೂ ಸರಿಯಾಗಿರುತ್ತದೆ. ಇಂತಹ ದೋಷವನ್ನು ವಾಹನದ ‘ಚಾಳಿ’ ಎಂದು ತಳ್ಳಿಹಾಕುವುದು ಸುಲಭ. ಆದರೆ ಯಂತ್ರಕ್ಕೆ ಚಾಳಿಯಿಲ್ಲ. ಬಂದು ಹೋಗುವ ದೋಷಕ್ಕೂ ನಿಶ್ಚಿತವಾದ ಕಾರಣವಿದೆ. ಅದು ತಲೆದೋರುವುದಕ್ಕೆ ನಿಶ್ಚಿತವಾದ ಸಂದರ್ಭವಿದೆ. ಆ ಸಂದರ್ಭವನ್ನು ಗುರುತಿಸುವುದೇ ಪರಿಹಾರದ ಅರ್ಧ ಭಾಗ.

ಒಂದು ಉದಾಹರಣೆ

ವಿಜಯಪುರ ಜಿಲ್ಲೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಚಾಲಕನೊಬ್ಬನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವನು ರಾತ್ರಿ ತರಕಾರಿ ತುಂಬಿಕೊಂಡು, ಖಂಡಾಲಾ ಘಟ್ಟವನ್ನಿಳಿದು, ಬೆಳಗಾಗುವ ಮುನ್ನ ನವಿ ಮುಂಬಯಿಯ ವಾಶಿ ಸಗಟು ಮಾರುಕಟ್ಟೆಯನ್ನು ತಲುಪಬೇಕು. ಮಳೆಗಾಲದ ಆರಂಭದಲ್ಲಿ ಅವನ ವಾಹನದ ರೇಡಿಯೋ ದಾರಿಯಲ್ಲಿ ಆಗಾಗ್ಗೆ ನಿಲ್ಲತೊಡಗುತ್ತದೆ. ರೇಡಿಯೋ ಹಳೆಯದಾಯಿತೆಂದು ಅವನು ಹೊಸದನ್ನು ಹಾಕಿಸುತ್ತಾನೆ. ದೋಷ ಹೋಗುವುದಿಲ್ಲ. ಬ್ಯಾಟರಿ ದುರ್ಬಲವಾಗಿರಬೇಕೆಂದು ಯಾರೋ ಹೇಳುತ್ತಾರೆ, ಬ್ಯಾಟರಿಯೂ ಬದಲಾಗುತ್ತದೆ. ಬಳಿಕ ಚಾಲಕರ ಬಾಯಲ್ಲಿ ಇಂದಿಗೂ ‘ಡೈನಮೋ’ ಎಂದೇ ಕರೆಯಲ್ಪಡುವ ಆಲ್ಟರ್ನೇಟರನ್ನು ಬಿಚ್ಚಿ ರಿಪೇರಿ ಮಾಡಿಸುತ್ತಾನೆ. ಮೂರು ಖರ್ಚುಗಳಾದ ಮೇಲೆ ಒಂದು ರಾತ್ರಿ ಘಟ್ಟದ ತಿರುವಿನಲ್ಲಿ, ಮಂಜು ಮಳೆಗಳ ನಡುವೆ, ರೇಡಿಯೋ ನಿಂತ ಕ್ಷಣದಲ್ಲಿಯೇ ಹೆಡ್‌ಲೈಟುಗಳೂ ಮಂಕಾಗುತ್ತವೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರೆಂಬ ಗಾದೆಯಂತೆ ಇಲ್ಲಿ ಮೂರು ಬಾರಿಯೂ ಬರೆ ಬಿದ್ದುದು ನಿರಪರಾಧಿ ಭಾಗಗಳಿಗೆ. ಪರೀಕ್ಷೆಗೆ ಮೊದಲೇ ಬದಲಾವಣೆ ನಡೆದುದೇ ಇದಕ್ಕೆ ಕಾರಣ. ಹಣ ಹೋದುದಕ್ಕಿಂತ ಗಂಭೀರವಾದ ಸಂಗತಿ ಇನ್ನೊಂದಿದೆ. ರೇಡಿಯೋ ಹಲವು ವಾರಗಳ ಮುಂಚೆಯೇ ನೀಡಿದ ಎಚ್ಚರಿಕೆಯನ್ನು ಯಾರೂ ಎಚ್ಚರಿಕೆಯೆಂದು ತಿಳಿಯಲಿಲ್ಲ.

ದೋಷ ಅಡಗುವುದೆಲ್ಲಿ?

ವಿದ್ಯುತ್ ಪ್ರವಾಹಕ್ಕೆ ಹೋಗುವ ದಾರಿಯೊಂದಿದ್ದರೆ ಸಾಲದು, ಮರಳಿ ಬರುವ ದಾರಿಯೂ ಬೇಕು. ವಾಹನದಲ್ಲಿ ಬ್ಯಾಟರಿಯ ಧನ ತುದಿಯಿಂದ ಪ್ರವಾಹವು ತಂತಿಗಳ ಮೂಲಕ, ಫ್ಯೂಸುಗಳನ್ನು ಹಾದು, ದೀಪಕ್ಕೋ ರೇಡಿಯೋಗೋ ತಲುಪುತ್ತದೆ. ಮರಳುವ ದಾರಿಯಾಗಿ ಬಹುಮಟ್ಟಿಗೆ ವಾಹನದ ಲೋಹದ ಮೈಯನ್ನೇ ಬಳಸಲಾಗುತ್ತದೆ. ಇದನ್ನು ಅರ್ಥಿಂಗ್ ಅಥವಾ ಬಾಡಿ ಅರ್ಥ್ ಎಂದು ಕರೆಯುವುದು ರೂಢಿ.

ಪಿಕಪ್ ವಾಹನದ ರಚನೆಯಲ್ಲಿ ಒಂದು ವಿಶೇಷವಿದೆ. ಸಾಮಾನ್ಯವಾಗಿ ಅದರ ಚಾಸಿ, ಚಾಲಕನ ಕ್ಯಾಬಿನ್ ಮತ್ತು ಸರಕಿನ ತೊಟ್ಟಿ ಬೇರೆ ಬೇರೆ ಭಾಗಗಳು. ಎಂಜಿನ್ನೂ ಕ್ಯಾಬಿನ್ನೂ ರಬ್ಬರಿನ ಬುಷ್‌ಗಳ ಮೇಲೆ ಕುಳಿತಿರುತ್ತವೆ. ರಬ್ಬರು ಕುಲುಕಾಟವನ್ನು ತಡೆಯುತ್ತದೆ, ಅದರೊಂದಿಗೆ ವಿದ್ಯುತ್ತನ್ನೂ ತಡೆಯುತ್ತದೆ. ಆದುದರಿಂದ ಎಂಜಿನ್, ಚಾಸಿ, ಕ್ಯಾಬಿನ್ ಮತ್ತು ಬ್ಯಾಟರಿಯ ಋಣ ತುದಿಗಳನ್ನು ದಪ್ಪ ತಂತಿಗಳಿಂದ ಅಥವಾ ಹೆಣೆದ ತಾಮ್ರದ ಪಟ್ಟಿಗಳಿಂದ ಒಂದಕ್ಕೊಂದು ಜೋಡಿಸಿರುತ್ತಾರೆ. ಚಕ್ರಗಳು ಎರಚುವ ಕೆಸರು ನೀರಿಗೆ ಸದಾ ಈಡಾಗುವ, ತುಕ್ಕಿಗೆ ಬೇಗನೆ ತುತ್ತಾಗುವ ಜೋಡಣೆಗಳಲ್ಲಿ ಇವೂ ಸೇರಿವೆ. ಕಡಲ ತೀರದ ಗಾಳಿಯಲ್ಲಿ ಓಡುವ, ಮೀನು ಸಾಗಿಸುವ ವಾಹನಗಳಲ್ಲಿ ಉಪ್ಪುನೀರು ಈ ಹಾನಿಯನ್ನು ಮತ್ತಷ್ಟು ತ್ವರೆಗೊಳಿಸುತ್ತದೆ. ತಗ್ಗು ತೆಗೆದು ಬಣ್ಣ ಹಚ್ಚಿಸಿದ ಮೇಲೆ ಹೊಸ ಬಣ್ಣದ ಮೇಲೆಯೇ ಅರ್ಥ್ ತಂತಿಯನ್ನು ಬಿಗಿದಿದ್ದರೂ ಇದೇ ಪರಿಣಾಮ. ಬಣ್ಣದ ತೆಳುಪದರವು ವಿದ್ಯುತ್ತಿಗೆ ಗೋಡೆಯಂತಿರುತ್ತದೆ.

ಜರ್ಮನಿಯ ಭೌತವಿಜ್ಞಾನಿ ಗೇಯಾರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮವು ಈ ದೋಷದ ವರ್ತನೆಯನ್ನು ಸ್ಪಷ್ಟಪಡಿಸುತ್ತದೆ. ಸಡಿಲವಾದ ಜೋಡಣೆಯೊಂದರಲ್ಲಿ ಓಮ್ ಒಂದರ ಹತ್ತನೆಯ ಒಂದು ಭಾಗದಷ್ಟು ಮಾತ್ರ ರೋಧವಿದೆಯೆಂದು ಭಾವಿಸೋಣ. ಹಗಲಿನಲ್ಲಿ ರೇಡಿಯೋ ಒಂದೇ ನಡೆಯುತ್ತಿರುವಾಗ ಸುಮಾರು 1 ಆಂಪಿಯರ್ ಪ್ರವಾಹ ಹರಿದು, ಅಲ್ಲಿ ನಷ್ಟವಾಗುವುದು 0.1 ವೋಲ್ಟ್ ಮಾತ್ರ. ಅದು ಯಾರ ಗಮನಕ್ಕೂ ಬಾರದು. ರಾತ್ರಿ ಮಳೆಯಲ್ಲಿ ಹೆಡ್‌ಲೈಟು, ವೈಪರು, ಬ್ಲೋವರುಗಳೆಲ್ಲ ಸೇರಿ 30 ಆಂಪಿಯರ್ ಹರಿಯುವಾಗ ಅದೇ ಜೋಡಣೆಯಲ್ಲಿ 3 ವೋಲ್ಟ್ ನಷ್ಟವಾಗುತ್ತದೆ. 12 ವೋಲ್ಟಿನ ವ್ಯವಸ್ಥೆಯಲ್ಲಿ ಇದು ದೊಡ್ಡ ನಷ್ಟವೇ ಸರಿ. ಗುಂಡಿಯೊಂದಕ್ಕೆ ಚಕ್ರ ಬಿದ್ದು ಜೋಡಣೆ ಅಲುಗಿದರೆ ರೋಧ ಇನ್ನೂ ಏರಿ, ರೇಡಿಯೋ ನಿಂತುಬಿಡುತ್ತದೆ. ಗ್ಯಾರೇಜಿನಲ್ಲಿ, ಹಗಲಿನಲ್ಲಿ, ನಿಂತ ವಾಹನದಲ್ಲಿ ದೋಷ ಕಾಣದಿರುವುದಕ್ಕೆ ಇದೇ ಕಾರಣ. ಭಾರ ಬೀಳದಿದ್ದಾಗ ದೋಷ ಅಡಗಿಕೊಳ್ಳುತ್ತದೆ.

ನಷ್ಟವಾದ ಆ 3 ವೋಲ್ಟ್ ಮಾಯವಾಗುವುದಿಲ್ಲ, ಶಾಖವಾಗುತ್ತದೆ. 30 ಆಂಪಿಯರ್ ಪ್ರವಾಹದಲ್ಲಿ ಅದು 90 ವಾಟ್‌ಗಳಷ್ಟಾಗುತ್ತದೆ. ರೇಡಿಯೋ ರಿಪೇರಿಯವರು ಬಳಸುವ ಸಾಧಾರಣ ಬೆಸುಗೆ ಕಡ್ಡಿಗಿಂತ ಇದು ಹೆಚ್ಚಿನ ಶಾಖ. ಒಂದು ಬೋಲ್ಟಿನ ಬುಡದಲ್ಲಿ, ತಂತಿಯ ಪ್ಲಾಸ್ಟಿಕ್ ಹೊದಿಕೆಯ ಪಕ್ಕದಲ್ಲಿ, ಇಂತಹ ಶಾಖ ಏನು ಮಾಡಬಲ್ಲುದೆಂಬುದನ್ನು ವಿವರಿಸಬೇಕಾಗಿಲ್ಲ.

ಗಮನಿಸಿ ಬರೆದಿಡುವುದು

ಉಪಕರಣಗಳಿಗಿಂತ ಮೊದಲು ಬೇಕಾದುದು ಒಂದು ಸಣ್ಣ ಪುಸ್ತಕ ಮತ್ತು ಪೆನ್ಸಿಲು. ದೋಷ ಕಾಣಿಸಿಕೊಂಡಾಗಲೆಲ್ಲ, ವಾಹನವನ್ನು ಸುರಕ್ಷಿತವಾಗಿ ನಿಲ್ಲಿಸಿದ ಬಳಿಕ, ಕೆಲವು ಅಂಶಗಳನ್ನು ಗುರುತು ಹಾಕಿಕೊಳ್ಳಬೇಕು. ಮಳೆಯಿತ್ತೇ? ಎಂಜಿನ್ ತಣ್ಣಗಿತ್ತೇ, ಕಾದಿತ್ತೇ? ಯಾವ ಯಾವ ಸ್ವಿಚ್ಚುಗಳು ಹಾಕಿದ್ದವು? ರಸ್ತೆ ಸಮವಾಗಿತ್ತೇ, ಗುಂಡಿ ಬಿದ್ದಿತ್ತೇ? ಬ್ರೇಕು ಒತ್ತಿದಾಗಲೋ, ತಿರುವಿನಲ್ಲೋ, ಬಾಗಿಲು ಮುಚ್ಚಿದಾಗಲೋ? ರೇಡಿಯೋ ಜೊತೆಗೆ ಬೇರೇನಾದರೂ ನಿಂತಿತೇ?

ನಾಲ್ಕೈದು ಬಾರಿ ಹೀಗೆ ಬರೆದರೆ ಒಂದು ಕ್ರಮ ತಾನಾಗಿ ಗೋಚರಿಸುತ್ತದೆ. ಶಾಖದಿಂದ ಬರುವ ದೋಷ ವಾಹನ ಕೆಲಕಾಲ ಓಡಿದ ಮೇಲೆಯೇ ಬರುತ್ತದೆ. ತೇವದಿಂದ ಬರುವುದು ಮಳೆಯಲ್ಲಿ ಅಥವಾ ವಾಹನ ತೊಳೆದ ದಿನ ಬರುತ್ತದೆ. ಮುರಿದ ತಂತಿಯ ದೋಷ ಕುಲುಕಾಟದಲ್ಲಿ ಬರುತ್ತದೆ. ಹೆಚ್ಚು ಸ್ವಿಚ್ಚುಗಳನ್ನು ಹಾಕಿದಾಗ ಮಾತ್ರ ಬರುವ ದೋಷವು ಅರ್ಥಿಂಗ್ ಕಡೆಗೋ ಮುಖ್ಯ ತಂತಿಯ ಕಡೆಗೋ ಬೆರಳು ತೋರುತ್ತದೆ. ಬ್ರೇಕು ಒತ್ತಿದಾಗ ಹಿಂದಿನ ಇಂಡಿಕೇಟರು ತಾನೂ ಮಿನುಗಿದರೆ, ಹಿಂದಿನ ದೀಪದ ಅರ್ಥಿಂಗ್ ಹೋಗಿದೆಯೆಂದು ಬಹುಮಟ್ಟಿಗೆ ನಿರ್ಧರಿಸಬಹುದು. ತನ್ನ ದಾರಿ ಮುಚ್ಚಿದಾಗ ಪ್ರವಾಹವು ಪಕ್ಕದ ಬಲ್ಬಿನ ಮೂಲಕ ಮರಳುವ ದಾರಿಯನ್ನು ಹುಡುಕಿಕೊಳ್ಳುತ್ತದೆ.

ರೇಡಿಯೋ ನೀಡುವ ಸಾಕ್ಷ್ಯ

ವೋಲ್ಟೇಜು ಕುಸಿದಾಗ ಹಲವೊಮ್ಮೆ ಮೊದಲು ನಿಲ್ಲುವುದು ರೇಡಿಯೋ. ಬಲ್ಬು ಮಂಕಾಗಿಯಾದರೂ ಉರಿಯುತ್ತದೆ, ವೈಪರು ನಿಧಾನವಾಗಿಯಾದರೂ ಆಡುತ್ತದೆ. ರೇಡಿಯೋದ ಒಳಗಿನ ಎಲೆಕ್ಟ್ರಾನಿಕ್ ಮಂಡಲ ಮಾತ್ರ ನಿಗದಿತ ಮಟ್ಟದ ಕೆಳಗೆ ಕೆಲಸವನ್ನೇ ನಿಲ್ಲಿಸುತ್ತದೆ. ಆದುದರಿಂದ ಅದನ್ನು ವಾಹನದ ವಿದ್ಯುತ್ ವ್ಯವಸ್ಥೆಯ ಸೂಕ್ಷ್ಮ ಸಾಕ್ಷಿಯೆಂದು ಪರಿಗಣಿಸಬಹುದು.

ಮೊದಲು ನೋಡಬೇಕಾದುದು ರೇಡಿಯೋದ ಮುಖದ ಬೆಳಕು. ಬೆಳಕಿದ್ದು ಧ್ವನಿ ಮಾತ್ರ ಹೋದರೆ ವಿದ್ಯುತ್ ಪೂರೈಕೆ ಸರಿಯಾಗಿದೆ. ದೋಷ ಆಂಟೆನಾದಲ್ಲಿಯೋ ಸ್ಪೀಕರಿನ ತಂತಿಯಲ್ಲಿಯೋ ಇರಬೇಕು. ಘಟ್ಟದ ಮರೆಯಲ್ಲಿ, ಸುರಂಗದಲ್ಲಿ ಎಫ್.ಎಂ. ಪ್ರಸಾರ ಕಡಿದುಹೋಗುವುದು ದೋಷವೇ ಅಲ್ಲ. ಆ ತರಂಗಗಳು ಬಹುಮಟ್ಟಿಗೆ ನೇರ ದಾರಿಯಲ್ಲಿ ಚಲಿಸುವುದರಿಂದ ಬೆಟ್ಟ ಅಡ್ಡಬಂದರೆ ಕ್ಷೀಣಿಸುತ್ತವೆ. ಬೆಳಕೂ ಧ್ವನಿಯೂ ಒಟ್ಟಿಗೆ ಹೋದರೆ ಅದು ಪೂರೈಕೆಯ ದೋಷ.

ಎರಡನೆಯದಾಗಿ, ಮತ್ತೆ ಹೊತ್ತಿಕೊಂಡ ರೇಡಿಯೋದಲ್ಲಿ ಗಡಿಯಾರದ ವೇಳೆಯೂ ಕೂಡಿಸಿಟ್ಟ ಕೇಂದ್ರಗಳೂ ಉಳಿದಿವೆಯೇ ಎಂದು ನೋಡಬೇಕು. ಇಂದಿನ ರೇಡಿಯೋಗಳಿಗೆ ಸಾಮಾನ್ಯವಾಗಿ ಎರಡು ಪೂರೈಕೆ ತಂತಿಗಳಿರುತ್ತವೆ. ಒಂದು ಬ್ಯಾಟರಿಯಿಂದ ಸದಾ ಬರುವುದು. ಅದು ನೆನಪನ್ನು ಕಾಯುತ್ತದೆ. ಇನ್ನೊಂದು ಕೀಲಿ ತಿರುವಿದಾಗ ಮಾತ್ರ ಬರುವುದು. ನೆನಪು ಉಳಿದಿದ್ದರೆ ಕೀಲಿಯ ಸ್ವಿಚ್ಚು, ಅದರ ಫ್ಯೂಸು ಮತ್ತು ತಂತಿಗಳನ್ನು ಪರೀಕ್ಷಿಸಬೇಕು. ನೆನಪೂ ಅಳಿಸಿಹೋಗಿದ್ದರೆ ಸದಾ ಬರುವ ತಂತಿಯನ್ನು ಅಥವಾ ಅರ್ಥಿಂಗನ್ನು ಶಂಕಿಸಬೇಕು. ಮಾಡಬೇಕಾದ ಹುಡುಕಾಟವನ್ನು ಈ ಒಂದೇ ಪ್ರಶ್ನೆ ಅರ್ಧಕ್ಕೆ ಇಳಿಸುತ್ತದೆ.

ಮೂರನೆಯದು ಶಬ್ದ. ಆಕ್ಸಿಲರೇಟರ್ ಒತ್ತಿದಂತೆ ಸ್ವರ ಏರುವ ಕೀಚಲು ದನಿ ಆಲ್ಟರ್ನೇಟರಿನಿಂದ ಬರುತ್ತದೆ. ಆಂಟೆನಾದ ಪ್ಲಗ್ಗನ್ನು ತೆಗೆದ ಮೇಲೂ ಆ ದನಿ ಉಳಿದರೆ ಅದು ಪೂರೈಕೆ ತಂತಿಯ ಅಥವಾ ಅರ್ಥಿಂಗಿನ ಮೂಲಕ ಬರುತ್ತಿದೆ. ನಿಂತರೆ ಆಂಟೆನಾದ ಮೂಲಕ ಬರುತ್ತಿದೆ. ಪ್ಲಗ್ ತೆಗೆದ ಕೂಡಲೇ ರೇಡಿಯೋ ಪೂರ್ತಿ ಆರಿಹೋದರೆ ಅದೂ ಒಂದು ಸುಳಿವು. ರೇಡಿಯೋದ ಸ್ವಂತ ಅರ್ಥ್ ತಂತಿ ತುಂಡಾಗಿದ್ದು, ಪ್ರವಾಹವು ಅದುವರೆಗೆ ಆಂಟೆನಾ ಕೇಬಲಿನ ಹೊರಬಲೆಯ ಮೂಲಕ ಮರಳುತ್ತಿತ್ತು ಎಂದರ್ಥ. ಕಳಪೆ ಮೊಬೈಲ್ ಚಾರ್ಜರುಗಳೂ, ಹೊರಗಿನಿಂದ ತಂದು ಹಾಕಿಸಿದ ಎಲ್.ಇ.ಡಿ. ದೀಪಗಳೂ ಕರಕರ ಶಬ್ದಕ್ಕೆ ಕಾರಣವಾಗಬಲ್ಲವು. ಅವುಗಳನ್ನು ಒಂದೊಂದಾಗಿ ಕಳಚಿ ನೋಡಿದರೆ ಸಾಕು, ಖರ್ಚಿಲ್ಲದೆ ಉತ್ತರ ಸಿಗುತ್ತದೆ.

ಪರೀಕ್ಷೆಯ ಕ್ರಮ

ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರೊಂದು ಸಾಕು. ಅದನ್ನು ನೇರ ಪ್ರವಾಹದ 20 ವೋಲ್ಟ್ ಅಳತೆಗೆ ತಿರುಗಿಸಬೇಕು. ವಾಹನ ಕೆಲವು ಗಂಟೆ ನಿಂತ ಬಳಿಕ ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆದರೆ, ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರುತ್ತದೆ. 12.2 ವೋಲ್ಟ್ ಎಂದರೆ ಸುಮಾರು ಅರ್ಧ ಚಾರ್ಜ್. ಸೆಲ್ಫ್ ಹೊಡೆಯುವಾಗ ಅದು 9.6 ವೋಲ್ಟಿಗಿಂತ ಕೆಳಗಿಳಿಯಬಾರದು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರಬೇಕು. ಕಂಪ್ಯೂಟರ್ ನಿಯಂತ್ರಿತ ಚಾರ್ಜಿಂಗ್ ಇರುವ ಈಚಿನ ಕೆಲವು ವಾಹನಗಳಲ್ಲಿ ಮಾತ್ರ ಈ ಅಂಕಿ ಹೆಚ್ಚು ಕಡಿಮೆಯಾಗುತ್ತಿರುತ್ತದೆ. ಈ ಅಳತೆಗಳು ಸರಿಯಾಗಿದ್ದರೆ ಬ್ಯಾಟರಿಗೂ ಆಲ್ಟರ್ನೇಟರಿಗೂ ಕೈಹಾಕುವ ಕಾರಣವಿಲ್ಲ.

ಮುಂದಿನದು ಅರ್ಥಿಂಗ್ ಪರೀಕ್ಷೆ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟು, ವೈಪರು, ಬ್ಲೋವರುಗಳೆಲ್ಲ ಚಾಲೂ ಇರಲಿ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ, ಇನ್ನೊಂದನ್ನು ಮೊದಲು ಎಂಜಿನ್ನಿನ ಬರಿಯ ಲೋಹಕ್ಕೂ, ಬಳಿಕ ಚಾಸಿಗೂ, ಕೊನೆಗೆ ಕ್ಯಾಬಿನ್ನಿನ ಬಣ್ಣವಿಲ್ಲದ ಬೋಲ್ಟಿಗೂ ಮುಟ್ಟಿಸಬೇಕು. ಮೀಟರು 0.2 ವೋಲ್ಟಿಗಿಂತ ಹೆಚ್ಚು ತೋರಿದರೆ ಆ ಎರಡರ ನಡುವಿನ ಜೋಡಣೆ ಸರಿಯಿಲ್ಲ. ಎಲ್ಲವನ್ನೂ ಆರಿಸಿ ಓಮ್ ಅಳತೆಯಿಂದ ಮಾತ್ರ ನೋಡುವುದು ಇಲ್ಲಿ ಮೋಸಗೊಳಿಸುತ್ತದೆ. ಹಲವು ಎಳೆಗಳ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರು ಸೊನ್ನೆಯ ಸಮೀಪವೇ ತೋರಿಸುತ್ತದೆ. ಭಾರ ಹೊರಿಸಿದಾಗ ಮಾತ್ರ ಆ ಎಳೆಯ ಅಶಕ್ತತೆ ಬಯಲಾಗುತ್ತದೆ.

ಮೀಟರು ಇಲ್ಲದವರಿಗೂ ಒಂದು ಉಪಾಯವಿದೆ. ಬ್ಯಾಟರಿ ಇಳಿದಾಗ ಬಳಸುವ ಜಂಪರ್ ಕೇಬಲಿನ ಕರಿಯ ತಂತಿಯಿಂದ ಬ್ಯಾಟರಿಯ ಋಣ ತುದಿಯನ್ನೂ ಕ್ಯಾಬಿನ್ನಿನ ಬರಿಯ ಲೋಹವನ್ನೂ ತಾತ್ಕಾಲಿಕವಾಗಿ ಜೋಡಿಸಬೇಕು. ಮಂಕಾಗಿದ್ದ ದೀಪ ಕೂಡಲೇ ಪ್ರಖರವಾದರೆ ಅಪರಾಧಿ ಅರ್ಥಿಂಗೇ ಎಂಬುದು ಸಿದ್ಧವಾಯಿತು. ಈ ಪರೀಕ್ಷೆಯಲ್ಲಿ ಕೇಬಲನ್ನು ಧನ ತುದಿಗೆ ಎಂದಿಗೂ ಮುಟ್ಟಿಸಬಾರದು.

ಅರ್ಥಿಂಗ್ ಸರಿಯಿದ್ದರೆ ತಂತಿಗಳ ಕಟ್ಟನ್ನು ಪರೀಕ್ಷಿಸಬೇಕು. ವಾಹನವನ್ನು ನಿಲ್ಲಿಸಿ, ರೇಡಿಯೋವನ್ನೂ ದೀಪಗಳನ್ನೂ ಹಾಕಿಟ್ಟು, ತಂತಿಯ ಕಟ್ಟನ್ನು ಗೇಣು ಗೇಣಾಗಿ ಮೆಲ್ಲನೆ ಅಲುಗಿಸುತ್ತ ಹೋಗಬೇಕು. ಫ್ಯೂಸು ಪೆಟ್ಟಿಗೆ, ಕೀಲಿ ಸ್ವಿಚ್ಚಿನ ಹಿಂಬದಿ, ರೇಡಿಯೋದ ಸಾಕೆಟ್ಟು, ಬಾಗಿಲ ಕೀಲಿನ ಬಳಿ ಬಾಗುವ ತಂತಿ, ಕ್ಯಾಬಿನ್ನಿನಿಂದ ತೊಟ್ಟಿಗೆ ಹೋಗುವ ತಂತಿ, ಇವು ವಿಶೇಷ ಗಮನಕ್ಕೆ ಅರ್ಹವಾದ ಸ್ಥಳಗಳು. ಇಲಿ ಕಡಿದ ಗುರುತು ಇದೆಯೇ ಎಂದೂ ನೋಡಬೇಕು. ಈ ಒಂದು ಕೆಲಸದಲ್ಲಿ ಬೆಟ್ಟ ಅಗೆದು ಇಲಿ ಹಿಡಿದರೂ ಅದು ಲಾಭವೇ. ಎಲ್ಲಿ ಅಲುಗಿಸಿದಾಗ ರೇಡಿಯೋ ತಡವರಿಸುತ್ತದೆಯೋ ಅಲ್ಲಿಯೇ ದೋಷವಿದೆ.

ಈಚಿನ ವಾಹನಗಳಲ್ಲಿ ರೋಗನಿದಾನದ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿ ದೋಷದ ಸಂಕೇತಗಳನ್ನು ಓದಬಹುದು. ಬೇರೆ ಬೇರೆ ಘಟಕಗಳಿಂದ ಏಕಕಾಲಕ್ಕೆ ಕಡಿಮೆ ವೋಲ್ಟೇಜಿನ ಸಂಕೇತಗಳು ಬಂದಿದ್ದರೆ, ಅಷ್ಟೂ ಘಟಕಗಳು ಒಮ್ಮೆಲೇ ಕೆಟ್ಟಿವೆಯೆಂದು ತಿಳಿಯಬಾರದು. ಅವೆಲ್ಲಕ್ಕೂ ಸಮಾನವಾದ ಪೂರೈಕೆಯನ್ನೋ ಅರ್ಥಿಂಗನ್ನೋ ಮೊದಲು ನೋಡಬೇಕು.

ದುರಸ್ತಿ ಮತ್ತು ಮುನ್ನೆಚ್ಚರಿಕೆ

ಉದಾಹರಣೆಯ ಚಾಲಕನ ವಾಹನದಲ್ಲಿ ಈ ಕ್ರಮವನ್ನು ಅನುಸರಿಸಿದ್ದರೆ ಉತ್ತರ ಮೊದಲ ದಿನವೇ ಸಿಗುತ್ತಿತ್ತು. ಅವನ ದೋಷ ರಾತ್ರಿ, ಮಳೆಯಲ್ಲಿ, ದೀಪ ವೈಪರುಗಳು ಚಾಲೂ ಇದ್ದಾಗ ಮಾತ್ರ ಬರುತ್ತಿತ್ತು. ಪ್ರತಿ ಬಾರಿಯೂ ಗಡಿಯಾರದ ವೇಳೆ ಅಳಿಸಿಹೋಗುತ್ತಿತ್ತು. ಎರಡೂ ಸುಳಿವುಗಳು ಒಂದೇ ಕಡೆಗೆ, ಕ್ಯಾಬಿನ್ನಿನ ಅರ್ಥ್ ಪಟ್ಟಿಯ ಕಡೆಗೆ, ಕೈ ತೋರುತ್ತವೆ. ಬೇಕಾದ ದುರಸ್ತಿ ಇಷ್ಟೆ: ಬ್ಯಾಟರಿಯ ಋಣ ತಂತಿಯನ್ನು ಮೊದಲು ಕಳಚುವುದು, ಪಟ್ಟಿಯನ್ನು ಬಿಚ್ಚುವುದು, ಬೋಲ್ಟು ಕೂರುವ ಜಾಗದ ತುಕ್ಕು ಮತ್ತು ಬಣ್ಣಗಳನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜುವುದು, ಸವೆದ ಪಟ್ಟಿಯಿದ್ದರೆ ಬದಲಾಯಿಸುವುದು, ಹಲ್ಲಿನ ವಾಷರ್ ಹಾಕಿ ಬಿಗಿಯುವುದು, ಬಿಗಿದ ಮೇಲೆ ತೇವ ತಾಕದಂತೆ ಪೆಟ್ರೋಲಿಯಂ ಜೆಲ್ಲಿ ಸವರುವುದು. ಕಳಚಿದ ಋಣ ತಂತಿಯನ್ನು ಕೊನೆಯಲ್ಲಿ ಮರಳಿ ಜೋಡಿಸಬೇಕು.

ಕೆಲವು ಕೆಲಸಗಳನ್ನು ಎಂದಿಗೂ ಮಾಡಬಾರದು. ಫ್ಯೂಸು ಪದೇ ಪದೇ ಹೋಗುತ್ತಿದ್ದರೆ ಹೆಚ್ಚು ಆಂಪಿಯರಿನ ಫ್ಯೂಸನ್ನಾಗಲಿ ತಂತಿಯ ತುಂಡನ್ನಾಗಲಿ ಹಾಕಬಾರದು. ಫ್ಯೂಸಿರುವುದು ತಂತಿಯ ರಕ್ಷಣೆಗಾಗಿ. 10 ಆಂಪಿಯರಿನ ಕೆಂಪು ಫ್ಯೂಸಿದ್ದ ಜಾಗದಲ್ಲಿ 30 ಆಂಪಿಯರಿನ ಹಸಿರು ಫ್ಯೂಸನ್ನು ಹಾಕಿದರೆ ಮುಂದಿನ ಬಾರಿ ಸುಡುವುದು ಫ್ಯೂಸಲ್ಲ, ತಂತಿ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಳಚಿ ಆಲ್ಟರ್ನೇಟರನ್ನು ಪರೀಕ್ಷಿಸುವ ಹಳೆಯ ರೂಢಿಯನ್ನೂ ಕೈಬಿಡಬೇಕು. ಆಗ ವೋಲ್ಟೇಜು ಒಮ್ಮೆಲೇ ಜಿಗಿದು ಎಲೆಕ್ಟ್ರಾನಿಕ್ ಘಟಕಗಳು ಸುಟ್ಟುಹೋಗಬಹುದು. ಏರ್‌ಬ್ಯಾಗ್ ಇರುವ ವಾಹನಗಳಲ್ಲಿ ಅದರ ಹಳದಿ ಬಣ್ಣದ ಜೋಡಣೆಗಳನ್ನು ತಜ್ಞರಲ್ಲದವರು ಮುಟ್ಟಬಾರದು. ತಂತಿ ಸುಟ್ಟ ವಾಸನೆ ಬಂದರೆ ವಾಹನವನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಕೆಳಗಿಳಿಯಬೇಕು. ಸರಕು ತಲುಪಿಸುವ ಅವಸರ ಆಮೇಲಿನದು.

ಸೂರ್ಯಾಸ್ತದ ಅರ್ಧ ಗಂಟೆಯ ನಂತರದಿಂದ ಸೂರ್ಯೋದಯದ ಅರ್ಧ ಗಂಟೆಯ ಮುಂಚಿನವರೆಗೆ ಮತ್ತು ಬೆಳಕು ಸಾಲದ ಎಲ್ಲ ವೇಳೆಯಲ್ಲಿ ವಾಹನದ ದೀಪಗಳು ಉರಿಯುತ್ತಿರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸುತ್ತವೆ. ಹ್ಯಾಲೋಜೆನ್ ದೀಪಕ್ಕೆ ದೊರೆಯುವ ವೋಲ್ಟೇಜು ಶೇಕಡಾ 10ರಷ್ಟು ಕುಗ್ಗಿದರೆ ಅದರ ಬೆಳಕು ಸುಮಾರು ಶೇಕಡಾ 30ರಷ್ಟು ಕುಗ್ಗುತ್ತದೆ. ಚಾಲಕನ ಕಣ್ಣು ಈ ಮಂಕಿಗೆ ಕ್ರಮೇಣ ಒಗ್ಗಿಕೊಳ್ಳಬಹುದು. ರಸ್ತೆ ದಾಟುವ ಪಾದಚಾರಿ ಮಾತ್ರ ಅವನಿಗೆ ತಡವಾಗಿ ಕಾಣುತ್ತಾನೆ.

ಆದುದರಿಂದ ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಬ್ಯಾಟರಿಯ ತುದಿಗಳನ್ನೂ ಅರ್ಥ್ ಪಟ್ಟಿಗಳನ್ನೂ ಬಿಚ್ಚಿ, ಉಜ್ಜಿ, ಬಿಗಿಯುವುದನ್ನು ಪಿಕಪ್ ಮಾಲೀಕರು ವಾಡಿಕೆ ಮಾಡಿಕೊಳ್ಳುವುದು ಹಿತಕರ. ಗ್ಯಾರೇಜಿಗೆ ಹೋಗುವಾಗ ‘ರೇಡಿಯೋ ಕೆಟ್ಟಿದೆ’ ಎಂದಷ್ಟೇ ಹೇಳದೆ, ಅದು ಯಾವಾಗ, ಯಾವ ಸ್ಥಿತಿಯಲ್ಲಿ ಕೆಡುತ್ತದೆಂಬುದನ್ನು ಬರೆದ ಪುಸ್ತಕವನ್ನು ಕುಶಲಕರ್ಮಿಯ ಮುಂದಿಡಬೇಕು. ಅಳತೆ ಮಾಡಿ ತೋರಿಸುವವರೆಗೆ ಯಾವ ಭಾಗದ ಬದಲಾವಣೆಗೂ ಒಪ್ಪಬಾರದು. ಘಟ್ಟದ ದಾರಿಯಲ್ಲಿ ನಡುವೆ ನಿಂತುಹೋದ ಹಾಡನ್ನು ಹಗಲಿನಲ್ಲಿ ವಿಚಾರಿಸಿದ ಚಾಲಕನಿಗೆ, ರಾತ್ರಿಯ ತಿರುವಿನಲ್ಲಿ ದೀಪವಾರುವ ಪ್ರಸಂಗ ಬಾರದಂತೆ ನೋಡಿಕೊಳ್ಳುವುದು ಸಾಧ್ಯ.